ಜಗಳ ಒಂದು, ಗುಣ ಹತ್ತು



"ಆಕೆ ಮುಖ ಕಂಡ್ರೆ ನನಗಾಗೋಲ್ಲ" ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡಿಬಿಡುತ್ತೇವೆ! ಆಕೆಯಲ್ಲಿ ಆಗದಿರುವುದು ಏನು ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತೇವೆ. ಭದ್ರಾವತಿಯ ಓಲ್ಡ್ ಟೌನಿನಂಥ ಹಳೆಯ ಊರಲ್ಲಿ ಈ ಕಷ್ಟ ಇನ್ನೂ ಹೆಚ್ಚು. ರಂಗೋಲಿ ಹಾಕುವಾಗ, ತರಕಾರಿ ಕೊಳ್ಳುವಾಗ, ಲಕ್ಷ್ಮೀನರಸಿಂಹಸ್ವಾಮಿ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ, ಆಗದವರೇ ಎದುರಾಗುತ್ತಾರೆ. ಮುಖ ತಿರುಗಿಸಿಕೊಂಡು ಎಷ್ಟು ವರ್ಷ ಇರಲಾದೀತು, ನೀವೇ ಹೇಳಿ.

ಇದಕ್ಕೆ ಭದ್ರಾವತಿಯ ಚರಿತ್ರೆಯಲ್ಲೇ ಒಂದು ಪಾಠವಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಾಗಿ ಅವರು ಪಟ್ಟ ಶ್ರಮ ನಿಮಗೆ ಗೊತ್ತೇ ಇದೆ. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಹೆಚ್ಚು ಪಾಲು ಸಿಗಬೇಕೆಂಬುದು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಇಚ್ಛೆ. ಹಾಗೆ ಮಾಡಿದರೆ ಅರ್ಹತೆ ಹಿಂದೆ ಬಿದ್ದೀತೆಂಬುದು ದಿವಾನರ ವಾದ. 1918ರಲ್ಲಿ ಇದಕ್ಕಾಗಿ ಮಿಲ್ಲರ್ ಸಮಿತಿ ನೇಮಕವಾಯಿತು. ಆ ವರ್ಷವೇ ವಿಶ್ವೇಶ್ವರಯ್ಯನವರು ಪದವಿ ಬಿಡಲು ಮುಂದಾದರು. ಮಹಾರಾಜರು ಹಿಂಜರಿಯಲಿಲ್ಲ, ಅವರ ನಿಲುವಿನಿಂದ ಎಷ್ಟೋ ಮನೆಗಳ ಮಕ್ಕಳಿಗೆ ಕಚೇರಿಯ ಬಾಗಿಲು ತೆರೆಯಿತು.

ಇಬ್ಬರ ನಡುವಿನ ನಂಟು ಅಲ್ಲಿಗೇ ಮುಗಿಯಬಹುದಿತ್ತು. ಆದರೆ 1923ರಲ್ಲಿ ಕಾರ್ಖಾನೆ ಶುರುವಾಗಿ, ಅದನ್ನು ನಡೆಸುವುದು ಕಷ್ಟವಾದಾಗ, ಸಂಸ್ಥಾನ ಕರೆದದ್ದು ಇದೇ ವಿಶ್ವೇಶ್ವರಯ್ಯನವರನ್ನು. ಕರೆಯಲು ಅವರಿಗೆ ಬಿಗುಮಾನ ಅಡ್ಡ ಬರಲಿಲ್ಲ, ಬರಲು ಇವರಿಗೂ ಅಡ್ಡ ಬರಲಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದರು. ತಮಗೆ ಸಲ್ಲಬೇಕಾದ ಸಂಬಳವನ್ನು ಬೆಂಗಳೂರಿನಲ್ಲಿ ಕಸುಬು ಕಲಿಸುವ ಶಾಲೆಗೆ ಬಿಟ್ಟುಕೊಟ್ಟರು. ಆ ಶಾಲೆಗೆ ಇಟ್ಟದ್ದು ತಮ್ಮ ಹೆಸರನ್ನಲ್ಲ, ರಾಜಮನೆತನದ ಜಯಚಾಮರಾಜೇಂದ್ರರ ಹೆಸರನ್ನು! ಹಳೆಯ ಅಭಿಪ್ರಾಯ ಬದಲಾದ್ದರಿಂದ ಹೀಗಾಯಿತೆನ್ನಬೇಡಿ. ಒಂದು ವಿಷಯದಲ್ಲಿ ಒಪ್ಪದವರು ಇನ್ನೊಂದರಲ್ಲಿ ಒಬ್ಬರ ಯೋಗ್ಯತೆಯನ್ನು ಇನ್ನೊಬ್ಬರು ಒಪ್ಪಿಕೊಂಡರು, ಅಷ್ಟೆ.

ಚರಕವನ್ನು ನಂಬಿದ ಗಾಂಧೀಜಿಗೂ ಯಂತ್ರವನ್ನು ನಂಬಿದ ವಿಶ್ವೇಶ್ವರಯ್ಯನವರಿಗೂ ದಾರಿ ಬೇರೆಯೇ. ಆದರೂ 1927ರಲ್ಲಿ ಭದ್ರಾವತಿಗೆ ಬಂದಾಗ ಗಾಂಧೀಜಿ ಇವರ ಕೆಲಸವನ್ನು ಮನಸಾರೆ ಮೆಚ್ಚಿದರು.

ದೊಡ್ಡವರ ಮಾತಾಯ್ತು, ನಮ್ಮ ಮನೆಗೆ ಬರೋಣ. ಅತ್ತೆಯ ಒಡವೆ ಹಂಚುವಾಗ ನಿಮಗೂ ಓರಗಿತ್ತಿಗೂ ಮನಸ್ತಾಪವಾಯ್ತು ಅನ್ನಿ. ನ್ಯಾಯ ನಿಮ್ಮ ಕಡೆಗೇ ಇರಬಹುದು. ಆದರೆ ಅತ್ತೆ ಹಾಸಿಗೆ ಹಿಡಿದಾಗ ಆರು ತಿಂಗಳು ಬೇಸರಿಸದೆ ಆರೈಕೆ ಮಾಡಿದವಳೂ ಅವಳೇ ತಾನೆ? ಒಡವೆಯ ಮಾತು ಒಡವೆಗಿರಲಿ. ಆರೈಕೆಯ ಋಣ ಬೇರೆ ಲೆಕ್ಕ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಲೆಕ್ಕ ಕೂಡುವುದಿಲ್ಲ.

ಹಾಗಾದರೆ ಏನು ಮಾಡೋದು? ಮೊದಲು, ಜಗಳ ಯಾವುದಕ್ಕೆಂದು ಒಂದೇ ವಾಕ್ಯದಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳಿ. ಅದನ್ನು ಅಲ್ಲಿಗೇ ಕಟ್ಟಿಹಾಕಿ. ಎರಡನೆಯದು, ಅವರಲ್ಲಿ ನಿಜವಾಗಿ ಕಂಡ ಒಳ್ಳೆಯದನ್ನು ಬಾಯಿಬಿಟ್ಟು ಹೇಳಿ, ಅದರ ಹಿಂದೆ ಒಂದು "ಆದರೆ" ಸೇರಿಸಬೇಡಿ. ಮೂರನೆಯದು, ಮಕ್ಕಳ ಎದುರಿಗೆ ಅವರನ್ನು ಹೀಗಳೆಯಬೇಡಿ; ನಮ್ಮ ಹಗೆ ಅವರಿಗೆ ಆಸ್ತಿಯಾಗಬಾರದು.

ಒಂದು ಎಚ್ಚರಿಕೆ. ಹೊಡೆದು ಬಡಿದು ಹಿಂಸಿಸುವವರನ್ನು ಮೆಚ್ಚಬೇಕೆಂದು ನಾನು ಹೇಳುತ್ತಿಲ್ಲ. ಅಂಥವರಿಂದ ದೂರವಿರುವುದೇ, ನೆರವು ಕೇಳುವುದೇ ಸರಿ. ಬರೀ ಅಭಿಪ್ರಾಯ ಬೇರೆ ಎಂಬುದಕ್ಕೆ ದೂರವಾದವರ ಮಾತು ಇದು.

ಮುಂದಿನ ಹಬ್ಬಕ್ಕೆ ಅರಿಸಿನ ಕುಂಕುಮಕ್ಕೆ ಕರೆಯುವಾಗ, ಬಿಟ್ಟುಹೋದ ಆ ಒಂದು ಮನೆಯನ್ನೂ ಸೇರಿಸಿಕೊಳ್ಳಿ. ಬಂದರೆ ಸಂತೋಷ. ಬಾರದಿದ್ದರೂ ಬಾಗಿಲು ಹಾಕಿದವರು ನೀವಲ್ಲ ಎಂಬ ನೆಮ್ಮದಿಯಂತೂ ಉಳಿಯುತ್ತದೆ.