ಮದರಾಸಿನ ಪದವೀಧರರೂ ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರೂ

ಸೆಪ್ಟೆಂಬರ್ 5 ಎಂದರೆ ಶಿಕ್ಷಕರ ದಿನಾಚರಣೆ, ರಾಧಾಕೃಷ್ಣನ್ ಅವರ ಹುಟ್ಟಿದ ದಿನ ಎಂದು ನಮ್ಮ ಮೂರನೇ ತರಗತಿ ಮಕ್ಕಳೂ ಹೇಳುತ್ತಾರೆ. ಅದೇ ತಾರೀಕಿಗೆ ಇನ್ನೊಂದು ಹುಟ್ಟುಹಬ್ಬವೂ ಇದೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಮದರಾಸು ವಿಶ್ವವಿದ್ಯಾನಿಲಯ ಹುಟ್ಟಿದ್ದು 1857ರ ಸೆಪ್ಟೆಂಬರ್ 5ರಂದು. ರಾಧಾಕೃಷ್ಣನ್ ಹುಟ್ಟಿದ್ದು 1888ರ ಸೆಪ್ಟೆಂಬರ್ 5ರಂದು, ಆಮೇಲೆ ಓದಿ ಪದವಿ ಪಡೆದದ್ದು ಅದೇ ವಿಶ್ವವಿದ್ಯಾನಿಲಯದಿಂದ. ಕಾಕತಾಳೀಯವೇ ಸರಿ, ಆದರೆ ಮಕ್ಕಳಿಗೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ.

ಆ ದಿನ ಎಲ್ಲ ಶಾಲೆಗಳಲ್ಲೂ ಸಾಧಕರ ಚಾರ್ಟು ತೂಗುಹಾಕುತ್ತೇವೆ. ರಾಧಾಕೃಷ್ಣನ್: ರಾಷ್ಟ್ರಪತಿ. ಸಿ.ವಿ. ರಾಮನ್: ನೊಬೆಲ್. ರಾಜಾಜಿ: ಗವರ್ನರ್ ಜನರಲ್. ಮುಖ್ಯ ಅತಿಥಿಗಳು ಬಂದು "ನೀವೂ ಹೀಗೇ ಆಗಬೇಕು ಮಕ್ಕಳೇ" ಎನ್ನುತ್ತಾರೆ, ಚಪ್ಪಾಳೆಯಾಗುತ್ತದೆ. ಹಿಂದಿನ ಸಾಲಿನಲ್ಲಿ ನಿಂತ ತಂದೆ ತಾಯಿ ಮನಸ್ಸಿನಲ್ಲಿ ಅಂದುಕೊಳ್ಳುವುದು ಬೇರೆ: "ಅವರೆಲ್ಲ ಇಂಗ್ಲಿಷ್ ಓದಿದರು, ಆದರು. ನಮ್ಮ ಹುಡುಗ ಇಲ್ಲಿ ಕನ್ನಡ ಓದಿಕೊಂಡು ಏನಾದಾನು?" ಮುಂದಿನ ಜೂನ್‌ನಲ್ಲಿ ಅವರೇ ಟಿ.ಸಿ. ಕೇಳಿಕೊಂಡು ಬರುತ್ತಾರೆ. ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಶಾಲೆಗಳ ಮೇಷ್ಟ್ರುಗಳಿಗೆಲ್ಲ ಈ ಅನುಭವ ಇದ್ದೇ ಇದೆ. ಚಾರ್ಟು ಬೇಡ ಎಂದು ನಾನು ಹೇಳುತ್ತಿಲ್ಲ. ಅದನ್ನು ಓದಿ ಹೇಳುವ ರೀತಿ ಸರಿಯಿಲ್ಲ ಎನ್ನುವುದು ನನ್ನ ತಕರಾರು.

ಮೊದಲು ಒಂದು ಸೋಜಿಗ. ಭಾರತರತ್ನ ಪ್ರಶಸ್ತಿ ಶುರುವಾದ 1954ರಲ್ಲಿ ಮೂವರಿಗೆ ಕೊಟ್ಟರು. ರಾಜಗೋಪಾಲಾಚಾರಿ, ರಾಧಾಕೃಷ್ಣನ್, ರಾಮನ್. ಮೂವರೂ ಮದರಾಸು ವಿಶ್ವವಿದ್ಯಾನಿಲಯದ ಪದವೀಧರರು! ಮರುವರ್ಷ, 1955ರಲ್ಲಿ ಪಡೆದವರಲ್ಲಿ ನಮ್ಮ ವಿಶ್ವೇಶ್ವರಯ್ಯನವರೂ ಒಬ್ಬರು. ಅವರು 1881ರಲ್ಲಿ ಬಿ.ಎ. ಮಾಡಿದ ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗ ಮದರಾಸು ವಿಶ್ವವಿದ್ಯಾನಿಲಯಕ್ಕೇ ಸೇರಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆಗುವವರೆಗೂ ಮೈಸೂರು ಸಂಸ್ಥಾನದ ಹುಡುಗರು ಪರೀಕ್ಷೆ ಕಟ್ಟುತ್ತಿದ್ದುದು ಮದರಾಸಿಗೆ. ಆ ಕಾಲದ ವಿಶ್ವವಿದ್ಯಾನಿಲಯ ಎಂದರೆ ಇಂದಿನ ಹಾಗೆ ಪಾಠ ಹೇಳುವ ಸಂಸ್ಥೆಯಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆ, ಅಷ್ಟೇ. ಪಾಠವೆಲ್ಲ ಊರೂರಿನ ಕಾಲೇಜುಗಳಲ್ಲಿ.

ಈ ಮೂವರ ಬಾಲ್ಯ ಗಮನಿಸಿ. ರಾಮನ್ ಅವರದು ತಮಿಳು ಮನೆ, ಶಾಲೆ ಓದಿದ್ದು ತೆಲುಗು ನಾಡಿನ ವಿಶಾಖಪಟ್ಟಣದಲ್ಲಿ. ರಾಧಾಕೃಷ್ಣನ್ ಅವರದು ತೆಲುಗು ಮನೆ, ಹುಟ್ಟಿದ್ದು ತಿರುತ್ತಣಿಯ ಬಳಿ, ಓದಿದ್ದು ತಿರುಪತಿ, ವೆಲ್ಲೂರು, ಮದರಾಸು. ಆ ತಿರುತ್ತಣಿಯೋ, ಭಾಷಾವಾರು ಪ್ರಾಂತ್ಯ ಆದಾಗ ಆಂಧ್ರದಲ್ಲಿದ್ದು 1960ರಲ್ಲಿ ಮದರಾಸು ರಾಜ್ಯಕ್ಕೆ ಬಂದ ಸೀಮೆ. ಇನ್ನು ರಾಜಾಜಿ ನಮ್ಮವರೇ. ಹುಟ್ಟಿದ್ದು ಹೊಸೂರಿನ ಪಕ್ಕದ ತೊರಪಳ್ಳಿ, 1878ರಲ್ಲಿ. ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಮುಗಿಸಿ, ಮದರಾಸಿನಲ್ಲಿ ಕಾನೂನು ಓದಿದರು. ತಮಿಳು ಮನೆಯ ಹುಡುಗ, ಸುತ್ತ ಕನ್ನಡ ತೆಲುಗು ಮಾತಾಡುವ ಊರು. "ಮನೆಯಲ್ಲೊಂದು ಮಾತು, ಬೀದಿಯಲ್ಲೊಂದು, ಶಾಲೆಯಲ್ಲೊಂದು, ಮಗು ಗೊಂದಲವಾಗಿ ಹಿಂದೆ ಬೀಳುತ್ತೆ ಸಾರ್" ಎಂದು ಟಿ.ಸಿ. ಕೇಳಲು ಬರುವ ಪೋಷಕರಿಗೆ ನಾನು ಈ ಮೂರು ಹೆಸರನ್ನೂ ಹೇಳುತ್ತೇನೆ. ದೇಶದ ಮೊದಲ ಮೂವರು ಭಾರತರತ್ನರು ಬೆಳೆದದ್ದು ಹೀಗೆ ಎರಡು ಮೂರು ಮಾತುಗಳ ನಡುವೆಯೇ. ನಮ್ಮ ಮಕ್ಕಳು ಕನ್ನಡ ಓದುತ್ತಾರೆ, 2006ರ ಕಾಯ್ದೆ ಬಂದ ಮೇಲೆ ತಮಿಳನ್ನೂ ಓದುತ್ತಾರೆ, ಇಂಗ್ಲಿಷ್ ಇದ್ದೇ ಇದೆ, ಸಂತೆಯಲ್ಲಿ ತೆಲುಗು ತಾನಾಗಿ ಬರುತ್ತದೆ. ಇದನ್ನು ಕೊರತೆ ಎಂದು ಹೇಳಿಕೊಟ್ಟವರು ಯಾರೋ!

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಈ ಮಹನೀಯರೆಲ್ಲ ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷಿನಲ್ಲೇ. ಆಗಿನ ಪದವಿ ಇದ್ದದ್ದೇ ಹಾಗೆ. ವೇದಿಕೆಯ ಮೇಲೆ ನಿಂತು "ಇವರೆಲ್ಲ ಮಾತೃಭಾಷೆಯಲ್ಲಿ ಓದಿ ಪದವಿ ಪಡೆದರು" ಎಂದು ಭಾಷಣ ಮಾಡುವವರಿದ್ದಾರೆ. ಅದು ಸುಳ್ಳು. ಸುಳ್ಳು ಹೇಳಿ ಕನ್ನಡ ಶಾಲೆ ಉಳಿಸಲು ಆಗುವುದಿಲ್ಲ, ಪೋಷಕರು ದಡ್ಡರಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಇಂಗ್ಲಿಷಿನಲ್ಲಿ ಪದವಿ ಪಡೆದ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡಿದರು? ಯಾವ ಚಾರ್ಟಿನಲ್ಲೂ ಇದಕ್ಕೊಂದು ಕಾಲಂ ಇಲ್ಲ.

ರಾಜಾಜಿಯನ್ನೇ ತೆಗೆದುಕೊಳ್ಳಿ. ಸೇಲಂನಲ್ಲಿ ಹೆಸರಾಂತ ವಕೀಲರಾಗಿದ್ದಾಗಲೇ, 1916ರಲ್ಲಿ, ತಮಿಳಿನಲ್ಲಿ ವಿಜ್ಞಾನದ ಪಾರಿಭಾಷಿಕ ಪದಗಳನ್ನು ರೂಪಿಸಲು ಒಂದು ಸಂಘ ಕಟ್ಟಿದರು. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಖಗೋಳ, ಗಣಿತ ಇವಕ್ಕೆಲ್ಲ ತಮಿಳು ಮಾತು ಹುಡುಕುವ ಕೆಲಸ. ಎಂಟನೇ ತರಗತಿಗೆ ವಿಜ್ಞಾನ ಪಾಠ ಮಾಡುವ ಯಾವ ಮೇಷ್ಟ್ರಿಗಾದರೂ ಇದರ ಬೆಲೆ ಗೊತ್ತು. 'ದ್ಯುತಿಸಂಶ್ಲೇಷಣೆ' ಎಂದು ಬೋರ್ಡಿನ ಮೇಲೆ ಬರೆದು, "ಅಂದರೆ ಎಲೆ ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುತ್ತೆ" ಎಂದು ವಿವರಿಸುವಾಗ ಆ ದೊಡ್ಡ ಪದವನ್ನು ಯಾರೋ ಕೂತು ಕಟ್ಟಿದ್ದಾರೆ ಎನ್ನುವುದೇ ನೆನಪಿರುವುದಿಲ್ಲ. ಪದ ಕಟ್ಟಿದ್ದು ಸಾಕೇ, ಎಲ್ಲರ ನಾಲಿಗೆಗೆ ಒಗ್ಗಿತೇ ಎನ್ನುವುದು ಬೇರೆ ಚರ್ಚೆ. ಆದರೆ ಗವರ್ನರ್ ಜನರಲ್ ಆದದ್ದಕ್ಕಿಂತ ಇದನ್ನು ನಾನು ದೊಡ್ಡದು ಎನ್ನುತ್ತೇನೆ.

ಹಾಗೆಂದು ರಾಜಾಜಿ ಮಾಡಿದ್ದೆಲ್ಲ ಸರಿ ಎಂದಲ್ಲ. 1938ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿ ಊರೆಲ್ಲ ಎದುರು ನಿಲ್ಲುವಂತೆ ಮಾಡಿಕೊಂಡರು. 1953ರಲ್ಲಿ ಪ್ರಾಥಮಿಕ ಶಾಲೆಯ ಸಮಯವನ್ನು ಕಡಿಮೆ ಮಾಡಿ, ಉಳಿದ ಹೊತ್ತು ಮಕ್ಕಳು ಮನೆಯವರ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಕುಲಕಸುಬಿನ ಶಿಕ್ಷಣ ಎಂದು ಜನ ರೊಚ್ಚಿಗೆದ್ದರು. ರೊಚ್ಚಿಗೇಳದೆ ಇನ್ನೇನು? ಕುಂಬಾರನ ಮಗ ಅರ್ಧ ದಿನ ತಿಗರಿ ತಿರುಗಿಸಿದರೆ ಮದರಾಸಿನ ಪರೀಕ್ಷೆ ಕಟ್ಟುವುದು ಯಾವಾಗ? ಅಷ್ಟು ಓದಿದವರಿಗೆ ಇಷ್ಟು ಹೊಳೆಯಲಿಲ್ಲವೇ ಎಂದು ಈಗಲೂ ಬೇಸರವಾಗುತ್ತದೆ. 1954ರಲ್ಲಿ ಅವರು ಇಳಿದು ಕಾಮರಾಜರು ಮುಖ್ಯಮಂತ್ರಿಯಾದರು, ಯೋಜನೆ ಕೈಬಿಟ್ಟರು, ಊರೂರಿಗೆ ಶಾಲೆ ತೆರೆದರು, ಮಧ್ಯಾಹ್ನದ ಊಟ ಕೊಟ್ಟರು. ಕಾಮರಾಜರು ಯಾವ ವಿಶ್ವವಿದ್ಯಾನಿಲಯದ ಪದವೀಧರರೂ ಅಲ್ಲ, ಹುಡುಗನಾಗಿದ್ದಾಗಲೇ ಶಾಲೆ ಬಿಟ್ಟವರು. ಪದವೀಧರರ ಪಟ್ಟಿಯಲ್ಲಿ ಅವರನ್ನು ಹುಡುಕಿದರೆ ಸಿಗುವುದಿಲ್ಲ.

ಸಿಗದವರು ಇನ್ನೂ ಇದ್ದಾರೆ. ಗಣಿತದ ರಾಮಾನುಜನ್ ಮದರಾಸಿನ ಎಫ್.ಎ. ಪರೀಕ್ಷೆಯಲ್ಲೇ ನಪಾಸಾದವರು. ಗಣಿತ ಬಿಟ್ಟು ಬೇರೆ ವಿಷಯ ಓದಲೇ ಇಲ್ಲ. ಅದೇ ವಿಶ್ವವಿದ್ಯಾನಿಲಯ 1913ರಲ್ಲಿ, ಪದವಿ ಇಲ್ಲದಿದ್ದರೂ ಪರವಾಗಿಲ್ಲ ಎಂದು, ತಿಂಗಳಿಗೆ 75 ರೂಪಾಯಿ ಸಂಶೋಧನಾ ವಿದ್ಯಾರ್ಥಿವೇತನ ಕೊಟ್ಟಿತು. ವಿಶ್ವವಿದ್ಯಾನಿಲಯದ ಘನತೆ ಹೆಚ್ಚಿಸಿದ ತೀರ್ಮಾನ ಅದು. ಹಳೆಯ ಓಲೆಗರಿಗಳಿಂದ ತಮಿಳು ಕಾವ್ಯಗಳನ್ನು ಅಚ್ಚಿಗೆ ತಂದ ಉ.ವೇ. ಸ್ವಾಮಿನಾಥ ಅಯ್ಯರ್ ಅವರಿಗೂ ಪದವಿ ಇರಲಿಲ್ಲ, 1932ರಲ್ಲಿ ಮದರಾಸು ವಿಶ್ವವಿದ್ಯಾನಿಲಯವೇ ಗೌರವ ಡಾಕ್ಟರೇಟ್ ಕೊಟ್ಟಿತು. ಇವತ್ತು ನಮ್ಮ ಹೊಸೂರು ಭಾಗದ ಕಾಲೇಜುಗಳು ಸೇರಿರುವುದು ಸೇಲಂನ ಪೆರಿಯಾರ್ ವಿಶ್ವವಿದ್ಯಾನಿಲಯಕ್ಕೆ. ಯಾರ ಹೆಸರಿನಲ್ಲಿ ಅದು ಇದೆಯೋ ಆ ಪೆರಿಯಾರ್ ಕೆಲವೇ ವರ್ಷ ಶಾಲೆಗೆ ಹೋದವರು, ಮನೆಮಾತು ಕನ್ನಡ. ನಮ್ಮ ಪಿ.ಯು. ಮುಗಿಸಿದ, ಅಲ್ಲಲ್ಲ, ಪ್ಲಸ್ ಟೂ ಮುಗಿಸಿದ ಮಕ್ಕಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರಿಗೆ ಬರುತ್ತೇನೆ. ಮದರಾಸಿನ ಮೊತ್ತಮೊದಲ ಬಿ.ಎ. ಪದವೀಧರರು ಯಾರು? ಚೆನ್ನೈಯವರಲ್ಲ, ತಂಜಾವೂರಿನವರೂ ಅಲ್ಲ. ಸಮುದ್ರದಾಚೆಯ ಯಾಳ್ಪಾಣದವರು, ಅಂದರೆ ನಾವು ಜಾಫ್ನಾ ಎನ್ನುವ ಊರಿನ ಕಡೆಯವರು. ಸಿ.ವೈ. ದಾಮೋದರಂ ಪಿಳ್ಳೈ ಮತ್ತು ಕ್ಯಾರೋಲ್ ವಿಶ್ವನಾಥ ಪಿಳ್ಳೈ. ಇಬ್ಬರೂ ವಟ್ಟುಕ್ಕೋಟ್ಟೈ ಎಂಬಲ್ಲಿನ ಸೆಮಿನರಿಯಲ್ಲಿ ಓದಿದವರು. ದಾಮೋದರಂ ಪಿಳ್ಳೈ ಪತ್ರಿಕೆ ನಡೆಸಿದರು, ಪಾಠ ಹೇಳಿದರು, ಸರ್ಕಾರಿ ನೌಕರಿ ಮಾಡಿದರು, ಪುದುಕ್ಕೋಟ್ಟೈಯಲ್ಲಿ ನ್ಯಾಯಾಧೀಶರೂ ಆದರು. ಇವನ್ನೆಲ್ಲ ಯಾರೂ ನೆನಪಿಟ್ಟುಕೊಂಡಿಲ್ಲ. ನೆನಪಿಟ್ಟುಕೊಂಡಿರುವುದು ಗೆದ್ದಲು ತಿನ್ನುತ್ತಿದ್ದ ಓಲೆಗರಿಗಳನ್ನು ಹುಡುಕಿ, ಪಾಠಾಂತರ ಹೋಲಿಸಿ, 1887ರಲ್ಲಿ ಕಲಿತ್ತೊಗೈಯಂಥ ಸಂಘಕಾಲದ ಗ್ರಂಥವನ್ನು ಅಚ್ಚು ಹಾಕಿಸಿದ್ದನ್ನು. ತೊಲ್ಕಾಪ್ಪಿಯಂ ವ್ಯಾಕರಣದ ಭಾಗಗಳನ್ನೂ ಅವರು ಅಚ್ಚಿಗೆ ತಂದರು. ಇಂಗ್ಲಿಷಿನಲ್ಲಿ ಮೊದಲ ಪದವಿ ಪಡೆದವರು ತಿರುಗಿ ಬಂದು ಕೂತದ್ದು ತಾಯ್ನುಡಿಯ ಓಲೆಗರಿಯ ಮುಂದೆ! ಅದೂ ತಮಿಳುನಾಡಿನ ಹೊರಗಿನಿಂದ ಬಂದವರು. ಗಡಿಯಾಚೆ ಇರುವ ನಮಗೆ ಈ ಹೆಸರು ಚಾರ್ಟಿನ ನೆತ್ತಿಯ ಮೇಲೆ ಇರಬೇಕು.

ಕನ್ನಡದ ಕಡೆ ನೋಡಿದರೆ ಬಿ.ಎಂ. ಶ್ರೀಕಂಠಯ್ಯನವರು ಮದರಾಸಿನ ಇಂಗ್ಲಿಷ್ ಎಂ.ಎ. 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ತಲೆಯೆತ್ತುವ ಬಗೆ ಹೇಳಿದವರು. ಮಾಸ್ತಿಯವರು 1914ರಲ್ಲಿ ಮದರಾಸಿನಿಂದ ಇಂಗ್ಲಿಷ್ ಎಂ.ಎ. ಮಾಡಿದರು, ಮನೆಮಾತು ತಮಿಳು, ಊರು ನಮ್ಮ ಗಡಿಗೆ ತಾಗಿದ ಮಾಲೂರು ತಾಲ್ಲೂಕಿನ ಮಾಸ್ತಿ. ಜೀವಮಾನವೆಲ್ಲ ಬರೆದದ್ದು ಕನ್ನಡದಲ್ಲಿ, 1983ರಲ್ಲಿ ಜ್ಞಾನಪೀಠ ಬಂತು. ತಮಿಳು ಮನೆಯವರು ಕನ್ನಡದ ಆಸ್ತಿಯಾದರು, ಕನ್ನಡ ಮನೆಯ ಪೆರಿಯಾರ್ ತಮಿಳರ ತಂದೆಯಾದರು. ಭಾಷೆಯ ಹೆಸರಲ್ಲಿ ಬೀದಿಗಿಳಿದು ಕೂಗುವ ಎರಡೂ ಕಡೆಯವರು ಇದನ್ನು ಒಂದು ಗಳಿಗೆ ಯೋಚಿಸಬೇಕು.

ಹೆಣ್ಣುಮಕ್ಕಳಿಗೆ ಹೇಳಲು ಆರ್.ಎಸ್. ಸುಬ್ಬಲಕ್ಷ್ಮಿ ಇದ್ದಾರೆ. ಬಾಲವಿಧವೆ. 1911ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಪದವಿ ಪಡೆದರು, ಮರುವರ್ಷವೇ ತನ್ನಂಥ ಹುಡುಗಿಯರನ್ನು ಕರೆದು ಆಶ್ರಯ ಕೊಟ್ಟು ಓದಿಸಲು ನಿಂತರು. ಏಳನೇ ತರಗತಿ ಮುಗಿದ ಕೂಡಲೇ "ಸಾಕು, ಮದುವೆ ಮಾಡೋಣ" ಎನ್ನುವ ಮನೆಗಳು ತಳಿ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇವೆ. ಅವರ ಮುಂದೆ ರಾಷ್ಟ್ರಪತಿಯ ಫೋಟೋಗಿಂತ ಈ ತಾಯಿಯ ಕಥೆ ಹೆಚ್ಚು ಕೆಲಸ ಮಾಡುತ್ತದೆ.

ಇಷ್ಟೆಲ್ಲ ಬರೆದದ್ದು ಯಾಕೆಂದರೆ, ನಮ್ಮ ಶಾಲೆಗಳ ಕಷ್ಟದ ಬುಡ ಇಲ್ಲಿದೆ. ಕನ್ನಡ ಮಾಧ್ಯಮದ ಶಿಕ್ಷಕರು ನಿವೃತ್ತರಾದರೆ ಆ ಜಾಗಕ್ಕೆ ಕನ್ನಡ ಬಲ್ಲ ಪದವೀಧರರು ಬೇಕು. ಕನ್ನಡ ಓದಿದ ಹುಡುಗ ಪದವಿವರೆಗೆ ಹೋಗದಿದ್ದರೆ ಅವರು ಎಲ್ಲಿಂದ ಬರಬೇಕು? ಹತ್ತು ಮುಗಿಸಿ ಸಿಪ್ಕಾಟ್‌ನ ಫ್ಯಾಕ್ಟರಿಗೆ ಸೇರಿದರೆ ಸಂಬಳ ಬರುತ್ತದೆ, ಅದನ್ನು ತಪ್ಪು ಎನ್ನಲಾರೆ, ಹೊಟ್ಟೆಪಾಡು. ಆದರೆ ಊರಿಗೆ ಒಬ್ಬರಾದರೂ ಪದವಿ ಮುಗಿಸಿ, ಬಿ.ಎಡ್. ಮಾಡಿ, ಇದೇ ಶಾಲೆಗೆ ಬಾರದಿದ್ದರೆ ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಕನ್ನಡ ಪುಸ್ತಕ ಇರುತ್ತದೆ, ಓದಿಸುವವರು ಇರುವುದಿಲ್ಲ.

ಅದಕ್ಕೆ ನನ್ನ ಸಲಹೆ ಇದು. ಮುಂದಿನ ಸೆಪ್ಟೆಂಬರ್ 5ಕ್ಕೆ ದೊಡ್ಡವರ ಚಾರ್ಟಿನ ಪಕ್ಕ ಇನ್ನೊಂದು ಚಾರ್ಟು ಹಾಕೋಣ, ನಮ್ಮ ಶಾಲೆಯ ಪದವೀಧರರದು. ಎಲ್ಲ ಶಾಲೆಗಳ ಬೀರುವಿನಲ್ಲೂ ಹಳೆಯ ದಾಖಲಾತಿ ರಿಜಿಸ್ಟರ್ ಇರುತ್ತದೆ. ರಟ್ಟು ಕಿತ್ತುಹೋಗಿರಬಹುದು, ಇಂಕು ಮಾಸಿರಬಹುದು, ಆದರೆ ಇರುತ್ತದೆ. ಎಚ್.ಎಂ. ಅವರ ಅನುಮತಿ ಪಡೆದು ಅದನ್ನು ಬಿಡಿಸಿ ಕೂರಬೇಕು. ಎಂಟು ಒಂಬತ್ತನೇ ತರಗತಿ ಮಕ್ಕಳನ್ನೇ ಊರೊಳಗೆ ಕಳಿಸಿ ಕೇಳಿಸಬಹುದು: ಈ ಶಾಲೆಯಲ್ಲಿ ಓದಿದವರಲ್ಲಿ ಡಿಗ್ರಿ ಮುಗಿಸಿದವರು ಯಾರು, ಯಾವ ವಿಶ್ವವಿದ್ಯಾನಿಲಯ, ಮನೆಯಲ್ಲಿ ಮೊದಲ ಪದವೀಧರರು ಅವರೇನಾ? ಗ್ರಾಮ ಲೆಕ್ಕಿಗರಾದವರು, ನರ್ಸ್ ಆದವರು, ಬ್ಯಾಂಕಿನಲ್ಲಿರುವವರು, ಡಿಗ್ರಿ ಮಾಡಿಯೂ ರಾಗಿ, ಟೊಮೆಟೊ ಬೆಳೆಯುತ್ತಿರುವವರು ಎಲ್ಲರೂ ಬರಲಿ. ಹೆಸರು, ವರ್ಷ, ಪದವಿ, ಉದ್ಯೋಗ ಈ ನಾಲ್ಕು ಕಾಲಂ ಆದ ಮೇಲೆ ಐದನೆಯದು ಒಂದು ಇರಲಿ: ಊರಿಗೆ, ಶಾಲೆಗೆ, ಕನ್ನಡಕ್ಕೆ ಏನು ಮಾಡಿದ್ದಾರೆ. ಖಾಲಿ ಇದ್ದರೆ ಖಾಲಿಯೇ ಇರಲಿ, ತುಂಬಿಸಲು ಅವರಿಗೂ ಆಸೆಯಾಗಬಹುದು. ಹಳೆಯ ಗೈಡು, ಪಠ್ಯಪುಸ್ತಕ ಕೊಟ್ಟರೂ ಆ ಕಾಲಂನಲ್ಲಿ ಬರೆಯಬೇಕು. ರಾಧಾಕೃಷ್ಣನ್ ತತ್ವಶಾಸ್ತ್ರ ತೆಗೆದುಕೊಂಡದ್ದೇ ಪದವಿ ಮುಗಿಸಿದ ಬಂಧುವೊಬ್ಬರು ತಮ್ಮ ಹಳೆಯ ಪುಸ್ತಕ ಕೊಟ್ಟದ್ದರಿಂದ ಎನ್ನುವ ಮಾತು ಪ್ರಸಿದ್ಧವಾಗಿಯೇ ಇದೆ.

ನಮ್ಮ ಕಡೆಯ ಶಿಕ್ಷಕ ಮಿತ್ರರು, ಹಳೆಯ ವಿದ್ಯಾರ್ಥಿಗಳು, ಎಸ್.ಎಂ.ಸಿ. ಸದಸ್ಯರು ಏನಂತೀರಿ? ಜೂನ್‌ನಲ್ಲಿ ದಾಖಲಾತಿಗೆ ಮನೆ ಮನೆ ಸುತ್ತುವಾಗ ಕೈಯಲ್ಲಿ ಈ ಪಟ್ಟಿಯ ಒಂದು ಜೆರಾಕ್ಸ್ ಇದ್ದರೆ ಪೋಷಕರ ಹತ್ತಿರ ಮಾತಾಡುವುದು ಸುಲಭ. ಗವರ್ನರ್ ಜನರಲ್ ಅವರಿಗೆ ದೂರದವರು, ಪಕ್ಕದ ಬೀದಿಯ ನರ್ಸಮ್ಮನನ್ನು ಅವರು ದಿನಾ ನೋಡುತ್ತಾರೆ. ಬೇಸಿಗೆ ರಜೆಗೆ ಮೊದಲೇ ರಿಜಿಸ್ಟರ್ ತೆಗೆದರೆ ಒಳ್ಳೆಯದು, ರಜೆಯಲ್ಲಿ ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೋ ಹೇಳಲಾಗದು.