ಗ್ರಾಮಫೋನ್ ಪ್ಲೇಟಿನ ಮಡಿ

ಕಳೆದ ತಿಂಗಳು ಒಂದು ಭಾನುವಾರ ಸಂಜೆ ನನ್ನ ಮಿತ್ರರಾದ ರಾಯರ ಮನೆಗೆ ಹೋಗಿದ್ದೆ. ರಾಯರು ನಿವೃತ್ತ ಇಂಜಿನಿಯರು, ಸಜ್ಜನರು, ಬಂದವರಿಗೆ ಕಾಫಿಯಲ್ಲಿ ಎಂದೂ ಕೊರತೆ ಮಾಡಿದವರಲ್ಲ. ಆದರೆ ಅವರದೊಂದು ವ್ರತವಿದೆ. ಸಂಗೀತವನ್ನು ಗ್ರಾಮಫೋನ್ ಪ್ಲೇಟಿನಲ್ಲಲ್ಲದೆ ಬೇರೆ ಯಾವ ರೀತಿಯಲ್ಲೂ ಅವರು ಕೇಳುವುದಿಲ್ಲ. ಅದೂ ಸಾಮಾನ್ಯ ಪ್ಲೇಟಲ್ಲ. 180 ಗ್ರಾಂ ತೂಗುವ, ಆಡಿಯೊಫೈಲ್ ಎಂಬ ಬಿರುದು ಹೊತ್ತ, ನಮ್ಮಂಥವರ ಒಂದು ವಾರದ ತರಕಾರಿಯ ಖರ್ಚನ್ನು ನುಂಗುವ ಪ್ಲೇಟು.

ಅಂದು ಅವರು ಹಾಕಿದ್ದು ‘ಓಲ್ಡ್ ಅಂಡ್ ಇನ್ ದಿ ವೇ’ ಎಂಬ ಅಮೆರಿಕದ ತಂಡದ ಕಚೇರಿ. ಬ್ರಶ್ಶಿನಿಂದ ಧೂಳು ತೆಗೆದು, ಉಸಿರು ಬಿಗಿಹಿಡಿದು ಮುಳ್ಳನ್ನು ಇಳಿಸಿದರು. ಪಿಟೀಲು ಎದ್ದಿತು, ಬ್ಯಾಂಜೊ ಅದರ ಬೆನ್ನು ಹತ್ತಿತು. ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಅಷ್ಟರಲ್ಲಿ ರಾಯರು ಮುಳ್ಳನ್ನು ಎತ್ತಿದರು.

“ಕೇಳಿದಿರಾ ಮೇಷ್ಟ್ರೇ, ಬಾಸಿನ ತಂತಿ ಮರಕ್ಕೆ ಬಡಿದ ಸದ್ದು?”

“ಕೇಳಿದೆ ರಾಯರೇ. ಹಾಡು ಎಲ್ಲಿ ಹೋಯಿತು?”

ಅವರು ನಕ್ಕು, ಅದೇ ಜಾಗವನ್ನು ಮತ್ತೆ ಹಾಕಿದರು. ಆಮೇಲೆ ಎಡಗಡೆಯ ಚಪ್ಪಾಳೆಗೂ ಬಲಗಡೆಯ ಚಪ್ಪಾಳೆಗೂ ಇರುವ ದೂರವನ್ನು ತೋರಿಸಲು ಇನ್ನೊಮ್ಮೆ ಎತ್ತಿದರು. ಒಂದು ಗಂಟೆ ಕಳೆಯಿತು. ಒಂದು ಹಾಡೂ ಮುಗಿಯಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಹುಟ್ಟಿದ ಸಿಟ್ಟೇ ಈ ಲೇಖನ. ರಾಯರ ಮೇಲೆ ನನಗೆ ಕೋಪವಿಲ್ಲ. ಅವರ ಪಂಥದ ಮೇಲೆ ಇದೆ. ಆ ಪಂಥ ಈಗ ನಮ್ಮ ಊರುಗಳಲ್ಲೂ ಬೆಳೆಯುತ್ತಿದೆ.

ಆ ಸಂಗೀತದ ಹುಟ್ಟನ್ನು ಸ್ವಲ್ಪ ನೋಡಿ. ಬ್ಲೂಗ್ರಾಸ್ ಎಂಬ ಹೆಸರು ಬಂದದ್ದು ಬಿಲ್ ಮನ್ರೋ ಎಂಬಾತನ ‘ಬ್ಲೂ ಗ್ರಾಸ್ ಬಾಯ್ಸ್’ ತಂಡದಿಂದ. ಆತ 1911ರಲ್ಲಿ ಕೆಂಟಕಿ ಸೀಮೆಯಲ್ಲಿ ಹುಟ್ಟಿದವನು. ಪಿಟೀಲು ಬಾರಿಸುತ್ತಿದ್ದ ಸೋದರಮಾವನಿಂದಲೂ, ಆರ್ನಲ್ಡ್ ಶುಲ್ಟ್ಸ್ ಎಂಬ ಕರಿಯ ಗಿಟಾರುವಾದಕನಿಂದಲೂ ಕಲಿತವನು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಯುವಕ ಮೂರು ಬೆರಳಿನ ಬ್ಯಾಂಜೊ ನುಡಿಸಾಣಿಕೆಯನ್ನು ಆ ತಂಡಕ್ಕೆ ತಂದ ಮೇಲೆ ಈ ಸಂಗೀತಕ್ಕೆ ಅದರ ರೂಪ ನಿಂತಿತು. ಬ್ಯಾಂಜೊ ಆದರೂ ಯಾರದು? ಆಫ್ರಿಕದಿಂದ ಗುಲಾಮರಾಗಿ ಬಂದವರ ನೆನಪಿನಿಂದ ಅಮೆರಿಕದ ನೆಲದಲ್ಲಿ ಹುಟ್ಟಿದ ವಾದ್ಯ ಅದು. ಗುಡ್ಡಗಾಡಿನ ಹಳ್ಳಿ ಬಿಟ್ಟು ಉತ್ತರದ ಕಾರ್ಖಾನೆಗಳಿಗೆ ದುಡಿಯಹೋದ ಬಡವರು ಊರಿನ ನೆನಪಿಗೆ ಕೇಳುತ್ತಿದ್ದದ್ದು ಈ ಹಾಡುಗಳನ್ನು. ಕೇಳುತ್ತಿದ್ದದ್ದು ಯಾವುದರಲ್ಲಿ? ಕರಕರ ಎನ್ನುವ ರೇಡಿಯೋದಲ್ಲಿ. ಆ ಕರಕರದ ನಡುವೆಯೂ ಅವರ ಕಣ್ಣು ಒದ್ದೆಯಾಗುತ್ತಿತ್ತು. ಅವರು ಕೇಳಿದ್ದು ಸಂಗೀತವಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಆ ಕಾಲದ ತಂಡಗಳು ಒಂದೇ ಮೈಕಿನ ಸುತ್ತ ನಿಂತು ಹಾಡುತ್ತಿದ್ದವು. ಪಿಟೀಲಿನವನ ಸರದಿ ಬಂದಾಗ ಅವನು ಮುಂದೆ ಬರುವನು. ಹಾಡುವವನು ಒಂದು ಹೆಜ್ಜೆ ಹಿಂದೆ ಸರಿಯುವನು. ಯಾರ ದನಿ ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬುದನ್ನು ಕಾಲುಗಳೇ ನಿರ್ಣಯಿಸುತ್ತಿದ್ದವು. ಇನ್ನೊಬ್ಬನಿಗೆ ಜಾಗ ಬಿಡುವ ಈ ಮರ್ಯಾದೆ ಬ್ಲೂಗ್ರಾಸಿನ ಜೀವಾಳ.

ರಾಯರು ಹಾಕಿದ ಕಚೇರಿಯ ಚರಿತ್ರೆಯೂ ಸ್ವಾರಸ್ಯವಾದದ್ದು. ಅದು 1973ರ ಅಕ್ಟೋಬರ್ 8ರಂದು ಸ್ಯಾನ್ ಫ್ರಾನ್ಸಿಸ್ಕೊದ ಬೋರ್ಡಿಂಗ್ ಹೌಸ್ ಎಂಬ ರಂಗಸ್ಥಳದಲ್ಲಿ ನಡೆಯಿತು. ಡೇವಿಡ್ ಗ್ರಿಸ್ಮನ್‌ದು ಮ್ಯಾಂಡೊಲಿನ್, ಪೀಟರ್ ರೋವನ್‌ದು ಗಿಟಾರು, ಜಾನ್ ಕಾನ್‌ದು ಬಾಸ್. ಪಿಟೀಲಿನ ವಾಸರ್ ಕ್ಲೆಮೆಂಟ್ಸ್ ಮನ್ರೋನ ತಂಡದಲ್ಲಿಯೇ ಪಳಗಿದವನು. ಬ್ಯಾಂಜೊ ಹಿಡಿದದ್ದು ಜೆರ್ರಿ ಗಾರ್ಸಿಯಾ. ರಾಕ್ ಸಂಗೀತದಲ್ಲಿ ಹೆಸರು ಮಾಡಿದ್ದವನು. ಧ್ವನಿಮುದ್ರಣ ಮಾಡಿದವನು ಔಸ್ಲಿ ಸ್ಟ್ಯಾನ್ಲಿ. ಮುದ್ರಿಸಿದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಕುಳಿತು ಬಿಡಿಬಿಡಿಯಾಗಿ ತಿದ್ದುವ ಸೌಕರ್ಯವನ್ನು ಅವನು ಇಟ್ಟುಕೊಳ್ಳಲಿಲ್ಲ. ಮೈಕುಗಳಿಂದ ಬಂದದ್ದನ್ನು ಸ್ಥಳದಲ್ಲಿಯೇ ಬೆರೆಸಿ ನೇರವಾಗಿ ಟೇಪಿಗೆ ಇಳಿಸಿದನು. ಆದ ತಪ್ಪು ತಪ್ಪಾಗಿಯೇ ಉಳಿಯಿತು. ತಂಡ ಕೆಲವೇ ತಿಂಗಳು ಬಾಳಿತು. ಪ್ಲೇಟು 1975ರಲ್ಲಿ ಹೊರಬಂತು.

ಗಾರ್ಸಿಯಾನ ವಿಷಯದಲ್ಲಿ ಇನ್ನೊಂದು ಮಾತು. ಸ್ಕ್ರಗ್ಸನ ರೀತಿಯ ಬ್ಯಾಂಜೊ ವಾದನಕ್ಕೆ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಬೇಕು. ಗಾರ್ಸಿಯಾ ಎಳೆವಯಸ್ಸಿನಲ್ಲೇ ಆ ನಡುಬೆರಳಿನ ಬಹುಭಾಗವನ್ನು ಕಳೆದುಕೊಂಡಿದ್ದ. ಸ್ಕ್ರಗ್ಸನ ಕೈಚಳಕ ಅವನದಲ್ಲ, ಅಲ್ಲಲ್ಲಿ ತಡವರಿಸುತ್ತಾನೆ. ಆದರೆ ಆ ತಡವರಿಕೆಯನ್ನು ಕ್ಲೆಮೆಂಟ್ಸನ ಪಿಟೀಲು ಕೈಹಿಡಿದು ದಾಟಿಸುವುದನ್ನು ಕೇಳಬೇಕು! ಅದು ಸಂಗೀತ. ಅದನ್ನು ಕೇಳಬೇಕಾದರೆ ಹಾಡು ಮುಂದೆ ಸಾಗಬೇಕು. ಮುಳ್ಳನ್ನು ಎತ್ತಿ ಹಿಡಿದವರಿಗೆ ಅದು ದಕ್ಕುವುದಿಲ್ಲ.

ಇನ್ನು ಈ ಪಂಥದ ಮಡಿಯ ವಿಷಯ. ಟೇಪಿನಿಂದ ಪ್ಲೇಟಿನವರೆಗೆ ಎಲ್ಲಿಯೂ ಗಣಕದ ಅಂಕಿಗಳ ಸೋಂಕು ತಗಲಕೂಡದು. ತಗಲಿದರೆ ನಾದ ಸತ್ತುಹೋಗುತ್ತದೆ, ತಮ್ಮ ಕಿವಿಗೆ ಅದು ಕೂಡಲೇ ಗೊತ್ತಾಗುತ್ತದೆ ಎಂಬುದು ಇವರ ಸಿದ್ಧಾಂತ. ಒಳ್ಳೆಯದು. ಅಮೆರಿಕದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ಪ್ಲೇಟುಗಳೆಂದರೆ ಈ ಮಡಿವಂತರಿಗೆ ಬಹಳ ಕಾಲ ತೀರ್ಥಪ್ರಸಾದ. 2022ರಲ್ಲಿ ಅದರ ಇಂಜಿನಿಯರುಗಳೇ ಒಪ್ಪಿಕೊಂಡರು: 2011ರಿಂದಲೇ ಅವರ ಅನೇಕ ಪ್ಲೇಟುಗಳ ತಯಾರಿಕೆಯಲ್ಲಿ ಅಂಕೀಯ ಹಂತವೊಂದು ಸೇರಿತ್ತು. ಹತ್ತು ವರ್ಷಕ್ಕೂ ಮೇಲೆ ಮೈಲಿಗೆಯ ಅಡಿಗೆಯನ್ನೇ ಮಡಿಯದೆಂದು ಚಪ್ಪರಿಸಿ ಉಂಡಿದ್ದರು! ನಾಲಗೆ ಸುಳಿವು ಕೊಡಲಿಲ್ಲ. ಅಡಿಗೆಯವರು ಬಾಯಿಬಿಟ್ಟ ಮೇಲೆ ಹೊಟ್ಟೆ ತೊಳಸಿತು. ಕೊಂಡವರು ನ್ಯಾಯಾಲಯಕ್ಕೆ ಹೋದರು. ಸಂಸ್ಥೆ ರಾಜಿಗೆ ಬಂತು. ಮಾರುವವನು ಮುಚ್ಚಿಟ್ಟದ್ದು ತಪ್ಪೇ ಸರಿ. ಅದಕ್ಕೆ ಅವನು ದಂಡ ತೆರಲಿ. ಆದರೆ ಅಷ್ಟು ವರ್ಷ ಆ ಪ್ಲೇಟುಗಳಿಂದ ಪಡೆದ ಆನಂದ ಒಂದೇ ದಿನದಲ್ಲಿ ಸುಳ್ಳಾಯಿತೇ? ಆಯಿತೆನ್ನುವುದಾದರೆ ಅವರು ಕೇಳಿದ್ದು ಸಂಗೀತವನ್ನಲ್ಲ, ಹೊದಿಕೆಯ ಮೇಲಿನ ಪ್ರಮಾಣಪತ್ರವನ್ನು. ಆಗಲಿಲ್ಲವೆನ್ನುವುದಾದರೆ ಮಡಿಯ ಸಿದ್ಧಾಂತವೇ ಬಿದ್ದಿತು. ಎರಡರಲ್ಲಿ ಒಂದನ್ನು ಅವರು ಒಪ್ಪಿಕೊಳ್ಳಬೇಕು.

ಹಾಗಾದರೆ ಪ್ಲೇಟು ಬೇಡವೇ? ಹಾಗೆಂದು ನಾನು ಹೇಳಿಲ್ಲ. ನನ್ನ ಕಿರಿಯ ಸಹೋದ್ಯೋಗಿಯೊಬ್ಬರು, “ಎಲ್ಲ ಫೋನಿನಲ್ಲೇ ಸಿಗುತ್ತದಲ್ಲ ಸಾರ್” ಎಂದು, ಉತ್ತರಪತ್ರಿಕೆ ತಿದ್ದುತ್ತ, ಮಧ್ಯೆ ಮಧ್ಯೆ ಹಾಡು ಬದಲಾಯಿಸುತ್ತ ಕೇಳುತ್ತಾರೆ. ಅದೂ ಕೇಳುವುದಲ್ಲ. ಪ್ಲೇಟಿನ ಪರವಾಗಿ ನಾನು ಒಪ್ಪುವ ಗುಣ ಒಂದಿದೆ. ಅದರ ಒಂದು ಮಗ್ಗುಲು ಇಪ್ಪತ್ತು ನಿಮಿಷದ ಆಸುಪಾಸು ಓಡುತ್ತದೆ. ಅಷ್ಟು ಹೊತ್ತು ಮನುಷ್ಯನನ್ನು ಒಂದೆಡೆ ಕೂರಿಸುತ್ತದೆ. ಹಾರಿ ಹೋಗುವುದು ಕಷ್ಟ, ಕೂತಿರುವುದು ಸುಲಭ. ಕಚೇರಿಯಲ್ಲಿ ಎಲ್ಲರ ಜೊತೆ ಕುಳಿತಂತೆಯೇ ಅದು. ಇಷ್ಟು ದೊಡ್ಡ ಗುಣವನ್ನು ರಾಯರು ಮುಳ್ಳೆತ್ತಿ ಮುಳ್ಳೆತ್ತಿ ತಾವೇ ಹಾಳುಮಾಡುತ್ತಾರೆಂಬುದೇ ನನ್ನ ದುಃಖ. ಫೋನಿನವರ ಚಾಪಲ್ಯಕ್ಕೂ ಪ್ಲೇಟಿನವರ ಪರೀಕ್ಷೆಗೂ ಇರುವುದು ಬೆಲೆಯ ವ್ಯತ್ಯಾಸ ಮಾತ್ರ.

ನಾನು ಕನ್ನಡದ ಮೇಷ್ಟ್ರು. ನನ್ನ ಕಸುಬಿನಿಂದಲೇ ಒಂದು ಮಾತು ಹೇಳಿ ಮುಗಿಸುತ್ತೇನೆ. ಪಂಪನ ಪದ್ಯಕ್ಕೆ ಒಳ್ಳೆಯ ಪಾಠ ಬೇಕು, ನಿಜ. ಓಲೆಗರಿಯ ಮುಂದೆ ಕಣ್ಣು ನೋಯಿಸಿಕೊಂಡು ಪಾಠ ನಿರ್ಣಯಿಸಿದ ವಿದ್ವಾಂಸರಿಗೆ ನಾವೆಲ್ಲ ಋಣಿಗಳು. ಆದರೆ ಅಗ್ಗದ ಕಾಗದದ ಪಠ್ಯಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗಿಯೊಬ್ಬಳು ಕರ್ಣನ ಪ್ರಸಂಗಕ್ಕೆ ಮುಖ ತಗ್ಗಿಸಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಅದೇ ಪಂಪನ ಅಂದವಾದ ಆವೃತ್ತಿಯನ್ನು ಬೀರುವಿನಲ್ಲಿಟ್ಟು, ಬಂದವರಿಗೆ ಅದರ ಕಾಗದವನ್ನು ಮುಟ್ಟಿಸಿ ತೋರಿಸುವವರನ್ನೂ ಕಂಡಿದ್ದೇನೆ. ಪಂಪ ಯಾರಿಗೆ ಸಂದನೆಂದು ನನ್ನನ್ನು ಕೇಳಬೇಡಿ.

ಮುಂದಿನ ಭಾನುವಾರ ಮತ್ತೆ ಬರಬೇಕೆಂದು ರಾಯರು ಹೇಳಿಕಳಿಸಿದ್ದಾರೆ. ಹೋಗುತ್ತೇನೆ. ಆದರೆ ನನ್ನದೊಂದು ಷರತ್ತು: ಮುಳ್ಳು ಇಳಿದ ಮೇಲೆ ಇಬ್ಬರೂ ಕೈಕಟ್ಟಿ ಕೂರಬೇಕು. ಐವತ್ತು ವರ್ಷದ ಹಿಂದೆ ಐದು ಮಂದಿ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ನುಡಿಸಿದ್ದಾರೆ. ಒಂದು ಮಗ್ಗುಲು ಮುಗಿಯುವವರೆಗಾದರೂ ನಾವು ಅವರಿಗೆ ಜಾಗ ಬಿಡೋಣ. ಬಾಸಿನ ತಂತಿಯ ವಿಚಾರವನ್ನು ಆಮೇಲೆ, ಕಾಫಿ ಕುಡಿಯುತ್ತ, ಬೇಕಾದಷ್ಟು ಮಾತಾಡಬಹುದು.