ಅಂಕವೂ ಅಂತರಂಗವೂ

ಉಷ್ಣಮಾಪಕವು ಜ್ವರದ ತಾಪವನ್ನು ತಿಳಿಸಬಲ್ಲುದು, ಕಾರಣವನ್ನು ತಿಳಿಸಲಾರದು. ಮಕ್ಕಳ ಮನಸ್ಸನ್ನು ಅಳೆಯುವ ಪ್ರಶ್ನಾವಳಿಗಳ ಮಾತೂ ಇಷ್ಟೆ. 1997ರಲ್ಲಿ ಇಂಗ್ಲೆಂಡಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ ಅವರು ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 25 ಹೇಳಿಕೆಗಳಿವೆ. ತಂದೆತಾಯಿಗಳು, ಉಪಾಧ್ಯಾಯರು, 11 ವರ್ಷ ತುಂಬಿದ ಮಕ್ಕಳು ಪ್ರತ್ಯೇಕವಾಗಿ ಅದಕ್ಕೆ ಉತ್ತರಿಸಬಹುದು. ಈ ಉತ್ತರಗಳು ಅನೇಕ ವೇಳೆ ಒಂದನ್ನೊಂದು ಹೋಲುವುದಿಲ್ಲ. ತರಗತಿಯ ತುಂಟತನ ಉಪಾಧ್ಯಾಯರ ಕಣ್ಣಿಗೆ ಬೀಳುತ್ತದೆ. ಒಳಗೇ ಕೊರೆಯುವ ಅಂಜಿಕೆ, ಅಳಲುಗಳು ಆ ಮಗುವಿಗಷ್ಟೇ ಗೊತ್ತು.

ಉಚಿತ ಪ್ರಸಾದನಿಲಯಗಳಲ್ಲಿ ಮನೆಯಿಂದ ದೂರವಿದ್ದು ಓದುವ ಬಡ, ಅನಾಥ ವಿದ್ಯಾರ್ಥಿಗಳ ವಿಷಯದಲ್ಲಂತೂ ಈ ಎಚ್ಚರ ಅತ್ಯಗತ್ಯ. ಅಂಕ ಹೆಚ್ಚಾದೊಡನೆ ರೋಗಿಯೆಂದು ಹೆಸರಿಡುವುದೂ ತಪ್ಪು. ಕಡಿಮೆಯೆಂದು ಮೌನಿಯಾದ ಹುಡುಗನನ್ನು ಮರೆಯುವುದೂ ತಪ್ಪು. ಅಂಕವು ದಾರಿ ತೋರಲಿ. ಸಮಾಲೋಚನೆ ಸಾಕೋ, ಔಷಧವೂ ಬೇಕೋ ಎಂಬುದನ್ನು ತಜ್ಞರು ಮಗುವಿನೊಡನೆ ಮಾತನಾಡಿ ನಿರ್ಣಯಿಸಲಿ. ಕೆಲವು ವಾರಗಳ ತರುವಾಯ ಮತ್ತೆ ಪರೀಕ್ಷಿಸಿ, ಗುಣ ಕಾಣದಿದ್ದರೆ ಚಿಕಿತ್ಸಾಕ್ರಮವನ್ನು ಮರುಚಿಂತಿಸಲಿ. ತಜ್ಞರು ಸಮೀಪದಲ್ಲಿಲ್ಲದ ಊರುಗಳಿಗೆ, 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯ 14416 ದೂರವಾಣಿ ಸಂಖ್ಯೆಯುಂಟು. ಪ್ರಶ್ನೆ ಕೇಳಿ ನೆರವು ನೀಡದಿರುವುದೆಂದರೆ, ಗಾಯದ ಕಟ್ಟು ಬಿಚ್ಚಿ ಹಾಗೆಯೇ ಬಿಟ್ಟು ಹೋದಂತೆ.